ಹಕ್ಕಲು ಆಯುವವರನ್ನು ರಾಶಿಯ ಅಳತೆಯಲ್ಲಿ ಅಳೆಯಬೇಡಿ: ಕೈಗಾರಿಕಾ ಸಚಿವರಿಗೆ ಹುಬ್ಬಳ್ಳಿಯಿಂದ ಬಹಿರಂಗ ಪತ್ರ

ಮಾನ್ಯ ಕೈಗಾರಿಕಾ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ಮತ್ತೆ ಸಣ್ಣ ಕೈಗಾರಿಕೆಗಳ ಅರ್ಜಿ ನೋಡಿ ಪಾಸು ಫೇಲು ಮಾಡುವ ಎಲ್ಲ ಹಿರಿಯರಿಗೆ ನಮಸ್ಕಾರ.

ನಾನು ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಮಶೀನ್ ಶಾಪ್ ನಡೆಸುತ್ತೇನೆ. ಎರಡು ಸಿಎನ್‌ಸಿ, ಒಂದು ವಿಎಂಸಿ (ಇವು ಕಂಪ್ಯೂಟರಿನಿಂದ ನಡೆಯುವ ಮಶೀನುಗಳು), ಅಪ್ಪನ ಕಾಲದ ಎರಡು ಲೇಥ್, ಒಂಬತ್ತು ಜನ. ಲೋಹ ಎರಕ ಹೊಯ್ಯುವ ಫೌಂಡ್ರಿಯಿಂದ ಬರುವ ವಾಲ್ವ್ ಬಾಡಿಗಳನ್ನು, ಅಂದರೆ ಪೈಪಿನ ಹರಿವು ತಡೆಯುವ ವಾಲ್ವಿನ ಹೊರಕವಚಗಳನ್ನು, ಕೊರೆದು ಅಳತೆಗೆ ತಂದು ವಾಲ್ವ್ ಕಂಪನಿಗಳಿಗೆ ಕೊಡೋದು ನಮ್ಮ ಕೆಲಸ. ಹುಬ್ಬಳ್ಳಿ ಅಂದರೆ ಹೊರಗಿನವರಿಗೆ 1,507 ಮೀಟರ್ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ನೆನಪಾಗುತ್ತದೆ, ಇಲ್ಲಾ ಗಿರ್ಮಿಟ್ ನೆನಪಾಗುತ್ತದೆ. ಪೈಪ್‌ಲೈನ್ ಕೆಲಸದವರನ್ನು ಕೇಳಿ ನೋಡಿ, ಅವರು ವಾಲ್ವ್ ಅಂತಾರೆ. ಗೋಕುಲ ರೋಡ್, ತಾರಿಹಾಳ, ರಾಯಾಪುರ, ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶಗಳ ಕಡೆ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ, ಎಷ್ಟು ಶೆಡ್ಡುಗಳ ಒಲೆ ಈ ಕೆಲಸದಿಂದ ಉರಿಯುತ್ತಿದೆ ಅಂತ.

ಹೋದ ವರ್ಷ ಹೊಸ ತಂತ್ರಜ್ಞಾನಕ್ಕೆ ನೆರವು ಕೊಡುವ ಒಂದು ಯೋಜನೆಗೆ ಅರ್ಜಿ ಹಾಕಿದ್ದೆ. ಯಾವ ಕಚೇರಿ ಅನ್ನೋದು ಇಲ್ಲಿ ಬೇಡ. ಅಲ್ಲಿ ಕೂತವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಮರ್ಯಾದೆಯಿಂದಲೇ ಮಾತಾಡಿದರು. ನಾನು ಕೇಳಿದ್ದು ಇಷ್ಟು: ಮಶೀನಿಗೆ ಹಾಕುವ ಮೊದಲೇ ಕಾಸ್ಟಿಂಗ್ (ಎರಕದ ತುಂಡು) ಒಳಗಿನ ಟೊಳ್ಳು ಹಿಡಿಯುವ ಅಲ್ಟ್ರಾಸಾನಿಕ್ ಉಪಕರಣ, ಮಶೀನಿನ ಮೇಲೆಯೇ ಅಳತೆ ನೋಡುವ ಒಂದು ಪ್ರೋಬ್, ಅದನ್ನು ಕಲಿಸಲು ಸ್ವಲ್ಪ ಖರ್ಚು. ಹಿರಿಯರೊಬ್ಬರು ಫೈಲು ತಿರುವಿ ಹಾಕಿ ಕೇಳಿದರು: "ಗೇಟ್ ವಾಲ್ವ್ ನೂರು ವರ್ಷದಿಂದ ಹೀಗೇ ಐತಲ್ರೀ. ಇದ್ರಾಗ ಹೊಸಾದೇನೈತಿ?" ಗೇಟ್ ವಾಲ್ವ್ ಅಂದರೆ ಒಳಗಿನ ತಟ್ಟೆ ಮೇಲೆ ಕೆಳಗೆ ಸರಿದು ಹರಿವು ಬಿಡುವ, ತಡೆಯುವ ವಾಲ್ವ್. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅರ್ಜಿ ವಾಪಸ್ ಬಂತು. 'ಹೊಸತನ ಕಾಣುವುದಿಲ್ಲ' ಅಂತ ಷರಾ ಇತ್ತು.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕಂದರೆ ಅದು ತಪ್ಪು ಪ್ರಶ್ನೆ ಅಲ್ಲ. ನಿಜವಾಗಿಯೂ ಗೇಟ್ ವಾಲ್ವ್ ಬದಲಾಗಿದ್ದು ಕಡಿಮೆ. ನಾನು ಇಪ್ಪತ್ತು ವರ್ಷದಿಂದ ಇದರಲ್ಲೇ ಇದ್ದೇನೆ, ನನ್ನ ಕೈಯಲ್ಲಿದ್ದ ಫೋನು ಅಷ್ಟರಲ್ಲಿ ಹತ್ತು ಅವತಾರ ಎತ್ತಿತು, ವಾಲ್ವ್ ಮಾತ್ರ ಹಾಗೇ ಇದೆ. ಹಾಗಾದರೆ ನಾವು ಸುಮ್ನೆ ಕೂತಿದ್ದೇವಾ? ಒಂದು ಉದ್ಯಮಕ್ಕೆ ವಯಸ್ಸಾದ ಹಾಗೆ ಅದರಲ್ಲಿ ತಂತ್ರಜ್ಞಾನದ ಓಟ ಯಾಕೆ ನಿಧಾನವಾಗುತ್ತದೆ? ಅಂದು ಕೊಡಲಾಗದ ಉತ್ತರವನ್ನು ಇವತ್ತು ಬರೆದು ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಕಡೆ ಶೇಂಗಾ ಕಿತ್ತಾದ ಮೇಲೆ ಹಕ್ಕಲು ಆಯೋದು ಅಂತ ಇದೆ. ಮೊದಲ ಸಲ ಗಿಡ ಕೀಳುವಾಗ ಗೊಂಚಲು ಗೊಂಚಲು ಕಾಯಿ ಬರುತ್ತವೆ, ದಿನ ಮುಳುಗೋದರೊಳಗೆ ಚೀಲಗಟ್ಟಲೆ. ಆಮೇಲೆ ಮಣ್ಣಲ್ಲಿ ಉಳಿದ ಕಾಯಿಗಾಗಿ ಹೆಣ್ಣುಮಕ್ಕಳು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಆರಿಸುತ್ತಾರೆ. ಇಡೀ ದಿನ ಬಗ್ಗಿದರೆ ಒಂದು ಬುಟ್ಟಿ ಆದರೆ ಪುಣ್ಯ. ಕಿತ್ತವರಿಗಿಂತ ಆಯುವವರ ಸೊಂಟವೇ ಜಾಸ್ತಿ ನೋಯುತ್ತದೆ, ಆದರೆ ರಾಶಿ ನೋಡಿದರೆ ಅವರ ದುಡಿಮೆ ಕಾಣುವುದೇ ಇಲ್ಲ. ಹಳೆಯ ಉದ್ಯಮದಲ್ಲಿ ನಾವು ಮಾಡುತ್ತಿರುವುದು ಇದನ್ನೇ.

ಸೈಕಲ್ ತಗೊಳ್ಳಿ, ಎಲ್ಲರಿಗೂ ಗೊತ್ತಿರುವ ವಸ್ತು. ಮೊದಮೊದಲು ಸೈಕಲ್ ಹೇಗಿರಬೇಕು ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ. ಮುಂದೆ ಆಳೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ ಇದ್ದ ಸೈಕಲ್ಲುಗಳ ಚಿತ್ರ ನೀವೂ ನೋಡಿರುತ್ತೀರಿ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಗಾಲಿ ಹೆಚ್ಚುಕಮ್ಮಿ ಒಂದೇ ಅಳತೆ ಇರುವ, ಹಿಂದಿನ ಗಾಲಿಗೆ ಚೈನ್ ಹಾಕಿದ ಸೈಕಲ್ ತಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರ್ ತಂದ. ಅಲ್ಲಿಗೆ ಸೈಕಲ್ಲಿನ ಆಕಾರ ನಿಂತಿತು. ನನ್ನಜ್ಜ ಕುಂದಗೋಳದಿಂದ ಹುಬ್ಬಳ್ಳಿಗೆ ತುಳಿದುಕೊಂಡು ಬರುತ್ತಿದ್ದ ಸೈಕಲ್ಲಿಗೂ ಈಗ ನನ್ನ ಮಗ ಹೊಡೆಯುವ ಸೈಕಲ್ಲಿಗೂ ಗಿಯರು, ಬ್ರೇಕು, ತೂಕದಲ್ಲಿ ವ್ಯತ್ಯಾಸ ಇದೆ, ಎಲುಬಿನ ಗೂಡು ಅದೇ. ಆಕಾರ ಒಮ್ಮೆ ಗಟ್ಟಿಯಾದ ಮೇಲೆ ಬುದ್ಧಿವಂತರು 'ಏನು ಮಾಡೋಣ' ಅನ್ನೋದನ್ನು ಬಿಟ್ಟು 'ಹೇಗೆ ಅಗ್ಗಕ್ಕೆ, ಹೇಗೆ ಚೊಕ್ಕವಾಗಿ ಮಾಡೋಣ' ಅನ್ನೋ ಕಡೆ ಹೊರಳುತ್ತಾರೆ. ಅಬರ್ನಥಿ ಮತ್ತು ಅಟರ್‌ಬ್ಯಾಕ್ ಅನ್ನೋ ಇಬ್ಬರು ಅಮೆರಿಕದ ವಿದ್ವಾಂಸರು 1970ರ ದಶಕದಲ್ಲೇ ಇದನ್ನು ಹೇಳಿದ್ದಾರೆ: ಉದ್ಯಮ ಎಳೆಯದಾಗಿದ್ದಾಗ ಹೊಸತನ ವಸ್ತುವಿನಲ್ಲಿ ಇರುತ್ತದೆ, ಬಲಿತ ಮೇಲೆ ಅದು ತಯಾರಿಸುವ ವಿಧಾನದೊಳಗೆ ಹೋಗಿಬಿಡುತ್ತದೆ. ಹೊರಗಿನಿಂದ ನೋಡುವವರಿಗೆ ವಸ್ತು ಕಾಣುತ್ತದೆ, ವಿಧಾನ ಕಾಣುವುದಿಲ್ಲ.

ಆಕಾರ ಗಟ್ಟಿಯಾದ ಮೇಲೆ ಸುತ್ತಲಿನ ನಿಯಮಗಳೂ ಗಟ್ಟಿಯಾಗುತ್ತವೆ. ಮಲಗಿಕೊಂಡು ತುಳಿಯುವ ಒಂದು ನಮೂನೆ ಸೈಕಲ್ಲಿನಲ್ಲಿ ಫ್ರಾನ್ಸಿನ ಒಬ್ಬ ಸವಾರ 1933ರಲ್ಲಿ ಒಂದು ಗಂಟೆಯಲ್ಲಿ 45 ಕಿಲೋಮೀಟರ್ ದಾಟಿ ದಾಖಲೆ ಮುರಿದ. ಮರುವರ್ಷವೇ ಸೈಕಲ್ ಸ್ಪರ್ಧೆಗಳ ಅಂತಾರಾಷ್ಟ್ರೀಯ ಸಂಸ್ಥೆ ಅಂಥ ಸೈಕಲ್ಲುಗಳನ್ನು ಪಂದ್ಯದಿಂದ ಹೊರಗಿಟ್ಟಿತು. ಆಮೇಲೆ ಅದರ ಮೇಲೆ ದುಡ್ಡು ಹಾಕುವವರು ಯಾರು, ಹೇಳಿ?

ಈಗ ನಮ್ಮ ವಾಲ್ವಿಗೆ ಬರುತ್ತೇನೆ. ಆರು ಇಂಚಿನ, ಕ್ಲಾಸ್ 150ರ (ಇದು ಒತ್ತಡ ತಾಳುವ ದರ್ಜೆ) ಒಂದು ಗೇಟ್ ವಾಲ್ವ್ ಅಂದರೆ ಒಂದು ಫ್ಲ್ಯಾಂಜಿನ (ಪೈಪಿಗೆ ಬೋಲ್ಟ್ ಹಾಕುವ ಅಂಚಿನ) ಮುಖದಿಂದ ಇನ್ನೊಂದು ಫ್ಲ್ಯಾಂಜಿನ ಮುಖಕ್ಕೆ 267 ಮಿಲಿಮೀಟರ್. ಒಂದೊಂದು ಫ್ಲ್ಯಾಂಜಿಗೆ ಎಂಟು ಬೋಲ್ಟ್. ಇದನ್ನು ನಾವು ತೀರ್ಮಾನ ಮಾಡಿಲ್ಲ, ಅಂತಾರಾಷ್ಟ್ರೀಯವಾಗಿ ಬಳಸುವ ಸ್ಟ್ಯಾಂಡರ್ಡ್‌ನಲ್ಲಿದೆ. ಯಾಕೆ ಹೀಗೆ? ಜಗತ್ತಿನ ಅದೆಷ್ಟೋ ಕಾರ್ಖಾನೆಗಳಲ್ಲಿ ಪೈಪುಗಳ ನಡುವೆ ಅಷ್ಟೇ ಜಾಗ ಬಿಟ್ಟು ವೆಲ್ಡಿಂಗ್ ಮಾಡಿಬಿಟ್ಟಿದ್ದಾರೆ. ನಾಳೆ ನಾನು 240 ಮಿಲಿಮೀಟರಿನಲ್ಲೇ ಅದಕ್ಕಿಂತ ಒಳ್ಳೆಯ ವಾಲ್ವ್ ಮಾಡಿ ತೋರಿಸಿದೆ ಅಂತಿಟ್ಟುಕೊಳ್ಳಿ. ಕೊಂಡವನು ಪೈಪ್ ಕತ್ತರಿಸಬೇಕು, ಮತ್ತೆ ವೆಲ್ಡ್ ಮಾಡಬೇಕು, ಅದಕ್ಕೆ ಘಟಕ ನಿಲ್ಲಿಸಬೇಕು. ವಾಲ್ವಿನ ಬೆಲೆ ಸಾವಿರಗಳಲ್ಲಿ, ಘಟಕ ನಿಂತರೆ ನಷ್ಟ ಕೋಟಿಗಳಲ್ಲಿ. ಅವನು ಯಾಕೆ ಕೊಳ್ಳುತ್ತಾನೆ? ಹಾಗೆ ಕೊಳ್ಳದೇ ಇರುವುದು ಅವನ ತಪ್ಪೂ ಅಲ್ಲ.

ತೂತಿರುವ ಗುಂಡು ತಿರುಗಿ ತೆರೆಯುವ, ಮುಚ್ಚುವ ಬಾಲ್ ವಾಲ್ವಿಗೆ ಬೆಂಕಿ ಪರೀಕ್ಷೆ ಅಂತ ಒಂದಿದೆ, ಒಮ್ಮೆ ನೋಡಿದರೆ ಮರೆಯೋದಿಲ್ಲ. ವಾಲ್ವನ್ನು ಮುಚ್ಚಿ, ಒಳಗೆ ನೀರಿನ ಒತ್ತಡ ಕೊಟ್ಟು, ಸುತ್ತಲೂ 750ರಿಂದ 1000 ಡಿಗ್ರಿ ಸೆಲ್ಸಿಯಸ್ ಜ್ವಾಲೆಯಲ್ಲಿ ಮೂವತ್ತು ನಿಮಿಷ ಸುಡುತ್ತಾರೆ. ಗುಂಡು ಒತ್ತಿ ಕೂರುವ ಒಳಗಿನ ಮೆತ್ತನೆಯ ಸೀಟು ಸುಟ್ಟು ಹೋಗುತ್ತದೆ. ಹೋದ ಮೇಲೂ ಲೋಹಕ್ಕೆ ಲೋಹ ಕೂತು ಸೋರಿಕೆ ಮಿತಿಯಲ್ಲಿರಬೇಕು. ನಾನು ಮೊದಲ ಸಲ ನೋಡಿದಾಗ ಹೊರಗಿನ ಪೇಂಟೆಲ್ಲ ಸುಟ್ಟು ಬಾಡಿ ಕೆಂಪಗಾಗಿತ್ತು, ಪಕ್ಕದಲ್ಲಿ ಒಬ್ಬ ಹುಡುಗ ಸೋರಿದ ನೀರನ್ನು ಅಳತೆಯ ಜಾಡಿಯಲ್ಲಿ ಹಿಡಿದು ಬರೆದುಕೊಳ್ಳುತ್ತಿದ್ದ, ಯಾರೂ ಮಾತಾಡುತ್ತಿರಲಿಲ್ಲ. ಆ ಪರೀಕ್ಷೆ ಬೇಕೇ ಬೇಕು. ಅದು ಯಾರದೋ ಜೀವ ಉಳಿಸುತ್ತದೆ. ಆದರೆ ಸೀಟಿನ ಆಕಾರವನ್ನೋ ಸಾಮಾನನ್ನೋ ಬದಲಿಸಿದರೆ ಮತ್ತೆ ಮೊದಲಿನಿಂದ ಸುಡಬೇಕು, ಮತ್ತೆ ಖರ್ಚು, ಮತ್ತೆ ಕಾಗದ, ಮತ್ತೆ ಗಿರಾಕಿಯ ಒಪ್ಪಿಗೆ. ಎಳೆಯ ಉದ್ಯಮದಲ್ಲಿ ತಪ್ಪು ಮಾಡಿದರೆ ಆ್ಯಪ್ ಕೆಟ್ಟು ನಿಲ್ಲುತ್ತದೆ, ರಾತ್ರಿ ಸರಿಮಾಡಿ ಬೆಳಿಗ್ಗೆ ಹೊಸದು ಬಿಡಬಹುದು. ನಮ್ಮಲ್ಲಿ ತಪ್ಪು ಮಾಡಿದರೆ ಗ್ಯಾಸ್ ಸೋರುತ್ತದೆ. ಹಾಗಾಗಿ ನಮ್ಮ ಕ್ಷೇತ್ರದಲ್ಲಿ ಪ್ರತಿ ಬದಲಾವಣೆಯೂ ನಿಧಾನ, ನಿಧಾನ ಇರಲೇಬೇಕು.

ಇನ್ನೊಂದು ಕಾರಣಕ್ಕೆ ರೊಟ್ಟಿ ತಟ್ಟುವುದನ್ನು ನೆನಪು ಮಾಡಿಕೊಳ್ಳಿ. ನನ್ನ ತಂಗಿ ಜೋಳದ ರೊಟ್ಟಿ ಕಲಿಯುವಾಗ ಮೊದಲ ರೊಟ್ಟಿ ಹರಿದಿತ್ತು. ಹತ್ತನೆಯದು ದುಂಡಗಾಯಿತು, ನೂರನೆಯದು ಉಬ್ಬಿತು. ಸಾವಿರದಿಂದ ಸಾವಿರದ ನೂರಕ್ಕೆ ಹೋದಾಗ ಏನು ಬದಲಾಯಿತು? ಏನೂ ಇಲ್ಲ. ಕೈ ಮತ್ತಷ್ಟು ಚುರುಕಾಗಬೇಕಾದರೆ ಇನ್ನೂ ಸಾವಿರ ತಟ್ಟಬೇಕಿತ್ತು. ಟಿ.ಪಿ. ರೈಟ್ ಅನ್ನೋ ಅಮೆರಿಕದ ಎಂಜಿನಿಯರ್ 1936ರಲ್ಲಿ ವಿಮಾನ ಕಾರ್ಖಾನೆಯ ಲೆಕ್ಕ ನೋಡಿ ಇದನ್ನೇ ಬರೆದ. ಅಲ್ಲಿಯವರೆಗೆ ಮಾಡಿದ ಒಟ್ಟು ವಿಮಾನಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಒಂದು ವಿಮಾನಕ್ಕೆ ಬೇಕಾದ ಕೂಲಿ ಹೆಚ್ಚುಕಮ್ಮಿ ನೂರಕ್ಕೆ ಇಪ್ಪತ್ತರಷ್ಟು ಇಳಿಯುತ್ತಿತ್ತು. ಗಮನಿಸಿ, ವರ್ಷ ಕಳೆದಾಗಲೆಲ್ಲ ಅಂತ ಅವನು ಹೇಳಲಿಲ್ಲ, ಇಮ್ಮಡಿಯಾದಾಗಲೆಲ್ಲ ಅಂದ. ಹೊಸ ಉದ್ಯಮದಲ್ಲಿ ನೂರು ಇನ್ನೂರಾಗಲು ಆರು ತಿಂಗಳು ಸಾಕು. ಹಳೆಯದರಲ್ಲಿ ಕೋಟಿ ಎರಡು ಕೋಟಿ ಆಗಲು ಇಪ್ಪತ್ತು ವರ್ಷ ಬೇಕಾಗಬಹುದು. ಕಲಿಕೆಯ ನಿಯಮ ಎರಡೂ ಕಡೆ ಒಂದೇ. ಕ್ಯಾಲೆಂಡರಿನಲ್ಲಿ ನೋಡಿದಾಗ ಮಾತ್ರ ಹಳೆಯ ಉದ್ಯಮ ಮಲಗಿದಂತೆ ಕಾಣುತ್ತದೆ. ನನಗೆ ಇದು ತಿಳಿದ ದಿನ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು, ನಿಜ ಹೇಳುತ್ತೇನೆ.

ಮೂರನೆಯ ಕಾರಣ ನೋಡಬೇಕಾದರೆ ಗದಗಿನ ಕಡೆ ಬನ್ನಿ. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿರುತ್ತವಲ್ಲ, ಅವುಗಳ ಮೇಲೆ ಪ್ರಕೃತಿಯೇ ಒಂದು ಗೆರೆ ಹಾಕಿದೆ. ಬೀಸುವ ಗಾಳಿಯ ಶಕ್ತಿಯಲ್ಲಿ ನೂರಕ್ಕೆ 59.3ಕ್ಕಿಂತ ಜಾಸ್ತಿ ಯಾವ ರೆಕ್ಕೆಯೂ ಹಿಡಿಯಲಾರದು ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಜ್ 1920ರಲ್ಲೇ ತೋರಿಸಿದ. ಪೂರ್ತಿ ಹಿಡಿದರೆ ಗಾಳಿ ಅಲ್ಲೇ ನಿಂತುಬಿಡಬೇಕು, ನಿಂತರೆ ಹಿಂದಿನ ಗಾಳಿಗೆ ಬರಲು ಜಾಗವೇ ಇಲ್ಲ. ಈಗಿನ ಒಳ್ಳೆಯ ಯಂತ್ರಗಳು ಆಗಲೇ 45ರಿಂದ 50ರ ಹತ್ತಿರ ಬಂದಿವೆ. ಉಳಿದದ್ದು ಹಕ್ಕಲು. ಅದಕ್ಕೇ ಎಲ್ಲರೂ ರೆಕ್ಕೆ ಉದ್ದ ಮಾಡುವ ಹಾದಿ ಹಿಡಿದರು. ರೆಕ್ಕೆ ಎರಡು ಪಟ್ಟಾದರೆ ಅದು ಬಳಸುವ ಗಾಳಿಯ ವೃತ್ತ ನಾಲ್ಕು ಪಟ್ಟು, ಲಾಭ ದೊಡ್ಡದು. ಆದರೆ ಅದೇ ನಮೂನೆಯಲ್ಲಿ ಹಿಗ್ಗಿಸಿದರೆ ತೂಕ ಎಂಟು ಪಟ್ಟಿಗೆ ಹೋಗುತ್ತದೆ. ಆಮೇಲೆ ಅದನ್ನು ಸಾಗಿಸಬೇಕು. ಮುಂಡರಗಿ ರೋಡಿನಲ್ಲಿ ಒಮ್ಮೆ ರೆಕ್ಕೆ ಹೊತ್ತ ಟ್ರೇಲರ್ ತಿರುವಿನಲ್ಲಿ ಸಿಕ್ಕಿಕೊಂಡಿದ್ದನ್ನು ನೋಡಿದ್ದೇನೆ. ಮುಂದಿನ ಚಕ್ರ ರಸ್ತೆ ದಾಟಿದೆ, ರೆಕ್ಕೆಯ ತುದಿ ಇನ್ನೂ ಹಿಂದಿನ ಹೊಲದ ಬೇವಿನ ಮರದ ಮೇಲಿದೆ, ಇಬ್ಬರು ಹುಡುಗರು ಕೋಲು ಹಿಡಿದು ಕರೆಂಟಿನ ತಂತಿ ಎತ್ತಿ ಹಿಡಿದಿದ್ದರು. ಎರಡೂ ಕಡೆ ಬಸ್ಸು, ಟ್ರ್ಯಾಕ್ಟರ್ ನಿಂತು ಒಂದು ತಾಸು ಕಳೆಯಿತು. ವಿಜ್ಞಾನದ ಗೆರೆ ಒಂದು ಕಡೆ, ಊರಿನ ರಸ್ತೆಯ ತಿರುವು ಇನ್ನೊಂದು ಕಡೆ. ಒಂದು ತಂತ್ರಜ್ಞಾನ ಬಲಿಯುತ್ತಾ ಹೋದಂತೆ ಇಂಥ ಗೆರೆಗಳೆಲ್ಲ ಒಂದೊಂದಾಗಿ ಎದುರಾಗುತ್ತವೆ.

ವಿಮಾನದ್ದೂ ಅದೇ ಕತೆ. 1958ರಲ್ಲಿ ಬೋಯಿಂಗ್ 707 ಪ್ರಯಾಣಿಕರನ್ನು ಹೊತ್ತು ಹಾರಲು ಶುರುಮಾಡಿತು. ಇವತ್ತಿನ ವಿಮಾನಗಳ ವೇಗ ಅದಕ್ಕಿಂತ ಜಾಸ್ತಿ ಏನಿಲ್ಲ. ಶಬ್ದದ ವೇಗದ ಹತ್ತಿರ ಹೋದಂತೆ ಗಾಳಿಯ ತಡೆ ಒಮ್ಮೆಲೇ ಏರುತ್ತದೆ. ಕಾಂಕಾರ್ಡ್ ಅದನ್ನು ದಾಟಿ 1976ರಿಂದ 2003ರವರೆಗೆ ಹಾರಿತು, ಖರ್ಚು ತಾಳದೆ ನಿಂತಿತು. ಹಾಗಂತ ವಿಮಾನದ ಎಂಜಿನಿಯರುಗಳು ಅರವತ್ತು ವರ್ಷ ಸುಮ್ಮನೆ ಕೂತಿದ್ದರಾ? ಒಬ್ಬ ಪ್ರಯಾಣಿಕನಿಗೆ ತಗಲುವ ಇಂಧನವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ್ದಾರೆ. ಕಿಟಕಿಯ ಪಕ್ಕ ಕೂತವರಿಗೆ ಅದು ಕಾಣುವುದಿಲ್ಲ, ಅಷ್ಟೇ.

ನಾಲ್ಕನೆಯದನ್ನು ನಾನು ಪುಸ್ತಕದಿಂದ ತಿಳಿದದ್ದಲ್ಲ, ಶಾಪಿನಲ್ಲಿ ಗಡಿಯಾರ ಹಿಡಿದು ಕಲಿತಿದ್ದು. ಲೋಹ ಕೊರೆಯುವ ಟೂಲಿನ ಚರಿತ್ರೆ ದೊಡ್ಡದು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಟೇಲರ್ ಮತ್ತು ವೈಟ್ ಹೈ ಸ್ಪೀಡ್ ಸ್ಟೀಲ್ ತೋರಿಸಿದಾಗ ಟೂಲಿನ ತುದಿ ಕೆಂಪಗೆ ಕಾದರೂ ಕೊರೆಯುವುದನ್ನು ನೋಡಿ ಜನ ಬೆರಗಾದರು. 1920ರ ದಶಕದಲ್ಲಿ ಜರ್ಮನಿಯ ಕ್ರುಪ್ ಕಂಪನಿ ಟಂಗ್‌ಸ್ಟನ್ ಕಾರ್ಬೈಡ್ ಟೂಲನ್ನು ವಿಡಿಯಾ ಅನ್ನೋ ಹೆಸರಲ್ಲಿ ತಂದಿತು. 'ವಜ್ರದ ಹಾಗೆ' ಅಂತ ಅದರ ಅರ್ಥ. ಇವತ್ತಿಗೂ ನಮ್ಮ ಶಾಪುಗಳಲ್ಲಿ ಕಾರ್ಬೈಡ್ ಅನ್ನುವವರು ಕಮ್ಮಿ, ವಿಡಿಯಾ ಅಂತಲೇ ಅಂತೀವಿ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅಂಕಿಗಳಿಂದ ನಡೆಯುವ ಮಶೀನ್ ತೋರಿಸಿದರು, ಅದರ ಮೊಮ್ಮಕ್ಕಳೇ ಈಗಿನ ಸಿಎನ್‌ಸಿ. ಒಂದೊಂದು ಹೆಜ್ಜೆಗೂ ಕೊರೆಯುವ ಸಮಯ ಕುಸಿಯುತ್ತಾ ಬಂತು. ಅಪ್ಪ ಹಳೇ ಲೇಥಿನಲ್ಲಿ ಒಂದು ಆರು ಇಂಚಿನ ವಾಲ್ವ್ ಬಾಡಿಗಾಗಿ ಅರ್ಧ ದಿನ ನಿಲ್ಲುತ್ತಿದ್ದರು.

ಈಗ? ಹೋದ ವರ್ಷ ನಮ್ಮ ಹುಡುಗರು ಒಂದು ವಾರ ಕೂತು ಅದೇ ಬಾಡಿಯ ಲೆಕ್ಕ ಬರೆದರು. ಟೂಲು ಲೋಹಕ್ಕೆ ತಾಗಿದ್ದು 26 ನಿಮಿಷ. ಬಾಡಿಯನ್ನು ಎತ್ತಿ ಅದನ್ನು ಹಿಡಿದಿಡುವ ಫಿಕ್ಸ್ಚರಿಗೆ ಕೂರಿಸೋದು, ಡಯಲ್ ಹಿಡಿದು ಸೆಂಟರ್ ನೋಡೋದು, ತಿರುಗಿಸಿ ಹಾಕೋದು, ಅಳೆಯೋದು, ಕ್ರೇನ್ ಖಾಲಿ ಆಗೋದನ್ನ ಕಾಯೋದು, ಎಲ್ಲ ಸೇರಿ 51 ನಿಮಿಷ. ಅಂದರೆ ನಾಳೆ ದೇವರೇ ಬಂದು ಕಣ್ಣು ಮಿಟುಕಿಸುವುದರಲ್ಲಿ ಕೊರೆಯುವ ಟೂಲು ಕೊಟ್ಟರೂ ನನಗೆ 77 ನಿಮಿಷದಲ್ಲಿ 26 ಮಾತ್ರ ಉಳಿಯುತ್ತದೆ. ಒಂದು ಭಾಗವನ್ನು ಸುಧಾರಿಸುತ್ತಾ ಹೋದ ಹಾಗೆ ಆ ಭಾಗವೇ ಸಣ್ಣದಾಗುತ್ತದೆ, ಸುಧಾರಿಸಲು ಕಷ್ಟವಾದ ಭಾಗ ಹಿಂದೆ ಉಳಿದು ಪೂರ್ತಿ ಜಾಗ ಹಿಡಿಯುತ್ತದೆ. ಒಟ್ಟು ಓಟ ನಿಧಾನವಾಗದೆ ಇನ್ನೇನಾಗುತ್ತದೆ?

ಹೊಸ ಉದ್ಯಮದವರಿಗೂ ಇದು ತಪ್ಪಿದ್ದಲ್ಲ. ಚಿಪ್ಪಿನ ಮೇಲೆ ಟ್ರಾನ್ಸಿಸ್ಟರುಗಳ ಸಂಖ್ಯೆ ಎರಡು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ಅದನ್ನು ಹಾಗೇ ಕಾಪಾಡಿಕೊಂಡು ಬರಲು 1970ರ ದಶಕದ ಶುರುವಿನಲ್ಲಿ ಬೇಕಾದ ಸಂಶೋಧಕರಿಗಿಂತ 18 ಪಟ್ಟು ಜಾಸ್ತಿ ಜನ ಬೇಕಾಗಿದ್ದಾರೆ ಅಂತ ಬ್ಲೂಮ್, ಜೋನ್ಸ್ ಮುಂತಾದ ನಾಲ್ವರು ಅರ್ಥಶಾಸ್ತ್ರಜ್ಞರು 2020ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಅಷ್ಟು ಜನ, ಅಷ್ಟು ದುಡ್ಡು ಸುರಿಯಲು ಅವರಿಗೆ ಸಾಧ್ಯವಾಯಿತು, ಸುರಿದರು. ನಮ್ಮಂಥ ಉದ್ಯಮಕ್ಕೆ ಯಾರು ಸುರಿಯುತ್ತಾರೆ? ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿದ ಜಾಣ ಹುಡುಗರೂ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಸೇರುತ್ತಾರೆ. ಅವರನ್ನು ಬೈಯಲಾರೆ, ನನ್ನ ಅಣ್ಣನ ಮಗನೂ ಹೋದ. ನಿಧಾನವಾಗಿರುವ ಕಡೆ ಜಾಣರು ಬರೋದಿಲ್ಲ, ಜಾಣರು ಬಾರದ ಕಾರಣಕ್ಕೆ ಇನ್ನಷ್ಟು ನಿಧಾನವಾಗುತ್ತದೆ.

ಹಾಗಾದರೆ ಹಳೆಯ ಉದ್ಯಮಕ್ಕೆ ಯಾಕೆ ನೆರವು ಕೊಡಬೇಕು, ಹೊಸದಕ್ಕೇ ಎಲ್ಲ ಕೊಟ್ಟುಬಿಡೋಣ ಅಂತ ನಿಮಗೆ ಅನಿಸಬಹುದು. ಇದಕ್ಕೆ ಉತ್ತರ ಕೊಡಲೇಬೇಕು. ಹೌದು, ದೊಡ್ಡ ಜಿಗಿತ ಬಹಳ ಸಲ ಹೊರಗಿನಿಂದ ಬರುತ್ತದೆ. ತಂತಿಯ ಬಲ್ಬು ನೂರು ವರ್ಷ ಹೆಚ್ಚುಕಮ್ಮಿ ಹಾಗೇ ಇತ್ತು. ಅದನ್ನು ಮನೆಯಿಂದ ಹೊರಗೆ ಹಾಕಿದ್ದು ಇನ್ನೂ ಒಳ್ಳೆಯ ತಂತಿ ಅಲ್ಲ, ನೀಲಿ ಎಲ್‌ಇಡಿ. ಅದಕ್ಕೆ 2014ರಲ್ಲಿ ನೊಬೆಲ್ ಬಂತು, ಮರುವರ್ಷ ಉಜಾಲಾ ಯೋಜನೆಯಲ್ಲಿ ಆ ಬಲ್ಬು ನಮ್ಮ ಹಳ್ಳಿಮನೆಗಳಿಗೂ ಬಂತು. ಹೊಸ ದಾರಿ ಹೊಸ ಕಡೆಯಿಂದ ಶುರುವಾಗುತ್ತದೆ, ಒಪ್ಪುತ್ತೇನೆ.

ಆದರೆ ನಮ್ಮ ಊರಿನ ರೈಲ್ವೆ ವರ್ಕ್‌ಶಾಪ್ ನೋಡಿ. ಬ್ರಿಟಿಷರ ಕಾಲದಿಂದ ಇದೆ. ಉಗಿ ಎಂಜಿನ್ ಮುಪ್ಪಾಯಿತು, 1972ರಲ್ಲಿ ಚಿತ್ತರಂಜನ್ ಕಾರ್ಖಾನೆ ಉಗಿ ಎಂಜಿನ್ ಮಾಡೋದನ್ನು ನಿಲ್ಲಿಸಿತು, ಡೀಸೆಲ್ ಬಂತು, ಈಗ ಎಲೆಕ್ಟ್ರಿಕ್. ತಂತ್ರಜ್ಞಾನ ಎರಡು ಸಲ ಬದಲಾಯಿತು. ಬೇರಿಂಗ್ ಕೂರಿಸುವ ಕೈ, ಆ್ಯಕ್ಸಲ್ ತಿರುವುವ ಕೈ, ಕಿವಿ ಇಟ್ಟು ಸದ್ದು ಕೇಳಿ ಎಲ್ಲಿ ಸವೆದಿದೆ ಅಂತ ಹೇಳುವ ಹಿರಿಯರು ಬದಲಾಗಲಿಲ್ಲ. ಆ ವರ್ಕ್‌ಶಾಪಿನಲ್ಲಿ ಕಲಿತವರಿಂದ ಕಲಿತವರೇ ನನ್ನಪ್ಪನಂಥ ಟರ್ನರುಗಳು. ಹಳೆಯ ಉದ್ಯಮದ ಬುದ್ಧಿ ಕೈಯಲ್ಲಿರುತ್ತದೆ, ಕಾಗದದಲ್ಲಿ ಇರೋದಿಲ್ಲ. ಶೆಡ್ಡಿನ ಬಾಗಿಲು ಹಾಕಿದರೆ ಹತ್ತು ವರ್ಷದಲ್ಲಿ ಅದು ಮಾಯ.

ನಾಳೆ ಹೈಡ್ರೋಜನ್ ಬರುತ್ತದೆ ಅಂತ ನೀವೇ ಹೇಳುತ್ತಿದ್ದೀರಿ. ದ್ರವ ಹೈಡ್ರೋಜನ್ ಅಂದರೆ ಮೈನಸ್ 253 ಡಿಗ್ರಿ. ಹೈಡ್ರೋಜನ್ ಅಣು ತೀರಾ ಸಣ್ಣದು, ಎಷ್ಟೋ ಬೇರೆ ಗ್ಯಾಸ್ ನಿಲ್ಲುವ ಕಡೆ ಅದು ನುಸುಳುತ್ತದೆ, ಎಷ್ಟೋ ಬಗೆಯ ಉಕ್ಕನ್ನು ಪೆಡಸು ಮಾಡುತ್ತದೆ. ಅಂಥ ಚಳಿಯಲ್ಲಿ ಲೋಹ ಕುಗ್ಗಿದಾಗಲೂ ಸೀಟು ಕೂರಬೇಕಾದರೆ ಒಂದೊಂದು ಮೈಕ್ರಾನ್ ಲೆಕ್ಕಕ್ಕೆ ಬರುತ್ತದೆ. ಆ ವಾಲ್ವನ್ನು ಮಶೀನ್ ಮಾಡುವವರು ಎಲ್ಲಿಂದ ಬರುತ್ತಾರೆ? ಇವತ್ತು ನೀರಿನ ವಾಲ್ವಿನ ಸೀಟನ್ನು ಲ್ಯಾಪಿಂಗ್ ಮಾಡುತ್ತಿರುವ, ಅಂದರೆ ಉಜ್ಜಿ ನಯ ಮಾಡುತ್ತಿರುವ ಹುಡುಗರೇ ಬರಬೇಕು.

ನನ್ನ ಕೋರಿಕೆ ಮೂರೇ. ದುಡ್ಡಿನ ಮಾತು ಕೊನೆಗೆ ಇಟ್ಟುಕೊಳ್ಳೋಣ.

ಅರ್ಜಿಯಲ್ಲಿ 'ನಿಮ್ಮ ವಸ್ತುವಿನಲ್ಲಿ ಹೊಸದೇನಿದೆ' ಅನ್ನೋ ಒಂದೇ ಕಾಲಂ ಇದೆ. ಅದರ ಪಕ್ಕ ಇನ್ನೊಂದು ಸೇರಿಸಿ: 'ನಿಮ್ಮ ವಿಧಾನದಲ್ಲಿ ಏನು ಸುಧಾರಿಸುತ್ತೀರಿ, ಅದನ್ನು ಹೇಗೆ ಅಳೆಯುತ್ತೀರಿ.' ಎರಡನೆಯದಕ್ಕೂ ಅಷ್ಟೇ ಅಂಕ ಕೊಡಿ. ಅರ್ಜಿ ನೋಡುವ ಸಮಿತಿಯಲ್ಲಿ ಶಾಪಿನಲ್ಲಿ ಕೆಲಸ ಮಾಡಿದ ಒಬ್ಬರಾದರೂ ಇರಲಿ.

ಎರಡನೆಯದು, ನೀವೇ ಗಿರಾಕಿ ಆಗಿ. ಹೊಸ ಸೀಟು, ಹೊಸ ಸೀಲು ಮಾಡಿದರೆ ಅದನ್ನು ಮೊದಲು ಹಾಕಿ ನೋಡುವವರೇ ಇಲ್ಲದ್ದು ನಮ್ಮ ದೊಡ್ಡ ತೊಂದರೆ. ರಿಫೈನರಿಯವರು ಹೆದರುವುದು ಸರಿ. ಆದರೆ ಸವದತ್ತಿಯ ಹತ್ತಿರ ಮಲಪ್ರಭಾ ಜಲಾಶಯದಿಂದ ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರುವ ಕೊಳವೆಗಳಲ್ಲಿ ಎಷ್ಟೊಂದು ವಾಲ್ವ್ ಇವೆ. ಅಲ್ಲಿ ಬೈಪಾಸ್ ಇರುವ ಕಡೆ ನಾಲ್ಕು ವಾಲ್ವ್ ಪ್ರಯೋಗಕ್ಕೆ ಅಂತ ಬಿಟ್ಟುಕೊಡಿ. ಸೋರಿದರೆ ನೀರು ಸೋರುತ್ತದೆ, ಬೆಂಕಿ ಹೊತ್ತುವುದಿಲ್ಲ. ಎರಡು ವರ್ಷ ನಡೆದ ದಾಖಲೆ ಕೈಯಲ್ಲಿದ್ದರೆ ದೊಡ್ಡ ಗಿರಾಕಿಯ ಬಾಗಿಲು ತಟ್ಟಲು ನಮಗೆ ಧೈರ್ಯ ಬರುತ್ತದೆ.

ಮೂರನೆಯದು ದುಡ್ಡಿನದು. ನನಗೊಬ್ಬನಿಗೇ ಬೇಡ. ಕಾಸ್ಟಿಂಗ್‌ಗೆ ಎಕ್ಸ್‌ರೇ, ಅಲ್ಟ್ರಾಸಾನಿಕ್, ಹೀಲಿಯಂ ಸೋರಿಕೆ ಪರೀಕ್ಷೆ, ಈ ಮೂರೂ ಇರುವ ಒಂದು ಸಾಮಾನ್ಯ ಕೇಂದ್ರ ತಾರಿಹಾಳದಲ್ಲೋ ರಾಯಾಪುರದಲ್ಲೋ ಆಗಲಿ. ಬಾಡಿಗೆ ಕೊಟ್ಟು ಎಲ್ಲರೂ ಬಳಸುತ್ತೇವೆ. ಐಟಿಐ, ಡಿಪ್ಲೊಮಾ ಹುಡುಗರು ಅಲ್ಲೇ ಬಂದು ಅಳತೆ ಕಲಿಯಲಿ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ನಮ್ಮ ಶಾಪಿನ ಬಾಗಿಲ ಪಕ್ಕ ಒಂದು ಆರು ಇಂಚಿನ ಬಾಡಿ ಇಟ್ಟಿದ್ದೇನೆ. ಮಶೀನಿಂಗ್ ಪೂರ್ತಿ ಮುಗಿದಿತ್ತು. ಫ್ಲ್ಯಾಂಜ್ ಮುಖ ಕನ್ನಡಿ ಹಾಗೆ ಇದೆ. ನೀರು ತುಂಬಿ ಸೋರಿಕೆ ನೋಡುವ ಹೈಡ್ರೋ ಟೆಸ್ಟಿಗೆ ಹಾಕಿ, ಈ ಕ್ಲಾಸಿಗೆ ಕೊಡಬೇಕಾದ ಸುಮಾರು 30 ಬಾರ್ ಒತ್ತಡ ಕೊಟ್ಟು, ಹುಡುಗ ಒಣ ಬಟ್ಟೆಯಿಂದ ಮೈ ಒರೆಸಿದ. ಕನಿಷ್ಠ ಒಂದು ನಿಮಿಷ ಕಾಯಬೇಕು. ನಲವತ್ತು ಸೆಕೆಂಡಿಗೆ ಕುತ್ತಿಗೆಯ ಹತ್ತಿರ ಸಾಸಿವೆ ಕಾಳಿನಷ್ಟು ಒಂದು ಹನಿ ಕಾಣಿಸಿತು. ಒರೆಸಿದ. ಮತ್ತೆ ಬಂತು. ಯಾರೂ ಏನೂ ಅನ್ನಲಿಲ್ಲ, ಅವನೇ ಚಾಕ್‌ಪೀಸಿನಿಂದ ಸುತ್ತ ಒಂದು ಗೋಲ ಹಾಕಿದ. ಎರಕ ಹೊಯ್ಯುವಾಗ ಅಚ್ಚಿನ ಮರಳಿನಿಂದ ಎದ್ದ ಗಾಳಿ ಒಳಗೆ ಸಿಕ್ಕಿ ಉಳಿದ ಟೊಳ್ಳು ಅದು. ಫೌಂಡ್ರಿಯವರು ಬೇರೆ ಕಾಸ್ಟಿಂಗ್ ಕೊಡುತ್ತಾರೆ, ನಮ್ಮ 77 ನಿಮಿಷ, ಕರೆಂಟು, ಟೂಲಿನ ತುದಿಗೆ ಹಾಕುವ ಇನ್ಸರ್ಟು ಯಾರೂ ಕೊಡೋದಿಲ್ಲ. ನಮ್ಮಲ್ಲಿ ಹೋದ ವರ್ಷ ಹನ್ನೆರಡು ಬಾಡಿಗಳಲ್ಲಿ ಒಂದು ಹೀಗೆ ಹೋಗಿದೆ.

ಈ ವರ್ಷ ಮತ್ತೆ ಅರ್ಜಿ ಹಾಕುತ್ತಿದ್ದೇನೆ. 'ಹೊಸದೇನಿದೆ' ಅನ್ನೋ ಕಾಲಂನಲ್ಲಿ ಈ ಸಲ ಹೀಗೆ ಬರೆದಿದ್ದೇನೆ: ವಾಲ್ವ್ ಹಳೆಯದೇ. ಹನ್ನೆರಡಕ್ಕೆ ಒಂದು ಹಾಳಾಗುತ್ತಿರುವುದನ್ನು ಐವತ್ತಕ್ಕೆ ಒಂದಕ್ಕೆ ತರುತ್ತೇವೆ, ತಿಂಗಳು ತಿಂಗಳು ಲೆಕ್ಕ ಕೊಡುತ್ತೇವೆ, ಯಾವ ದಿನ ಬೇಕಾದರೂ ಬಂದು ನೋಡಬಹುದು.

ಇಂತಿ ನಿಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ಜಾಬ್ ವರ್ಕ್ ಶಾಪಿನವ